ದೋರಸಮುದ್ರದ ಕೂಗಳತೆಯಲ್ಲಿ

ಬೀಡು ಎಂದರೆ ಅರಸನು ನೆಲೆಗೊಂಡ ತಾಣ, ರಾಜಧಾನಿ. ಅರಸನು ತೊರೆದ ಮೇಲೆ ಅದು ಹಳೆಯ ಬೀಡಾಯಿತು. ಹೊಯ್ಸಳರ ದೋರಸಮುದ್ರಕ್ಕೆ ಇಂದು ಉಳಿದಿರುವ ಹೆಸರಿನಲ್ಲಿಯೇ ಅದರ ಅರ್ಧ ಚರಿತ್ರೆ ಅಡಗಿದೆ. 1311ರಲ್ಲಿ ಮಲ್ಲಿಕಾಫರನ ದಂಡು ಬಂದಿತು. ಅನಂತರ ತುಘಲಕನ ಸೈನ್ಯ ಬಂದಿತು. ಮೂರನೆಯ ಬಲ್ಲಾಳನು ತಿರುವಣ್ಣಾಮಲೈಯತ್ತ ಸರಿದನು. ಉಳಿದರ್ಧ ಚರಿತ್ರೆಯನ್ನು ಕಲ್ಲುಗಳಲ್ಲಿ ಓದಿಕೊಳ್ಳಬೇಕು.

ಫ್ರಾನ್ಸಿನ ಶಾರ್ತ್ರ್ ನಗರದ ಮಹಾ ಇಗರ್ಜಿ 1194ರ ಬೆಂಕಿಯ ಬಳಿಕ ಮರುನಿರ್ಮಾಣಗೊಂಡು 1260ರಲ್ಲಿ ಪ್ರತಿಷ್ಠಿತವಾಯಿತು. ಸೋಮನಾಥಪುರದ ಕೇಶವ ದೇವಾಲಯಕ್ಕೆ ಅದು ಸಮಕಾಲೀನ. ಅಲ್ಲಿ ಬಯಲಿನ ನಡುವೆ ದೂರದಿಂದಲೇ ಕಾಣುವ ಗೋಪುರಗಳತ್ತ ಎಲ್ಲ ದಾರಿಗಳೂ ಸಾಗುತ್ತವೆ. ದೋರಸಮುದ್ರದಲ್ಲಿ ಹಾಗಲ್ಲ. ಅರಸ, ಅಧಿಕಾರಿ, ದಂಡನಾಯಕ, ವರ್ತಕ, ಎಲ್ಲರೂ ತಮ್ಮ ತಮ್ಮ ದೇವರಿಗೆ ಗುಡಿ ಕಟ್ಟಿಸಿದರು. ಆದುದರಿಂದ ಇಲ್ಲಿ ಏನನ್ನು ನೋಡಬೇಕೆಂಬುದನ್ನು ನೋಡುವವನೇ ಆರಿಸಿಕೊಳ್ಳಬೇಕಾಗುತ್ತದೆ.

ಹೆಚ್ಚಿನವರ ಆಯ್ಕೆ ಗೊತ್ತಿರುವುದೇ. ಮೊದಲು ಬೇಲೂರು: 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಚೆನ್ನಕೇಶವ, ಮದನಿಕೆಯರು, ಬಳ್ಳಿಗಾವೆಯ ದಾಸೋಜ ಹಾಗೂ ಅವನ ಮಗ ಚಾವಣರಂತಹ ರೂವಾರಿಗಳು ಕೆತ್ತಿಟ್ಟ ಹೆಸರುಗಳು. ಆಮೇಲೆ ಹಳೆಬೀಡು: ಅಧಿಕಾರಿ ಕೇತಮಲ್ಲನ ಹೆಸರಿನೊಡನೆ ಬೆಸೆದುಕೊಂಡ ಹೊಯ್ಸಳೇಶ್ವರ, ಅದರ ಜೊತೆಗೇ ಶಾಂತಲೇಶ್ವರ. ಆನೆ, ಸಿಂಹ, ಬಳ್ಳಿ, ಕುದುರೆಗಳ ಪಟ್ಟಿಕೆಗಳನ್ನು ಅನುಸರಿಸುತ್ತ ಒಂದು ಸುತ್ತು ಬರುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ಈ ಎರಡು ದೇವಾಲಯಗಳೂ ಸೋಮನಾಥಪುರದ ದೇವಾಲಯವೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪ್ರವಾಸಿಗರ ಬಸ್ಸುಗಳು ಇಲ್ಲಿಂದಲೇ ಹಿಂದಿರುಗುತ್ತವೆ.

ಅಲ್ಲಿಂದ ಕೂಗಳತೆಯಲ್ಲಿ ಬಸ್ತಿಹಳ್ಳಿಯಿದೆ. ನಾನು ಅಲ್ಲಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಟ್ಟಿಲ್ಲ. ನನ್ನ ಹೊರತು ಮತ್ತಾರೂ ಇಲ್ಲದ ದಿನಗಳೇ ಹೆಚ್ಚು. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪನು ತನ್ನ ತಂದೆ, ದಂಡನಾಯಕ ಗಂಗರಾಜನ ನೆನಪಿಗಾಗಿ ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದವು ಬಂಕಾಪುರದಲ್ಲಿದ್ದ ವಿಷ್ಣುವರ್ಧನನನ್ನು ತಲುಪಿದಾಗ ಅವನು ಯುದ್ಧವನ್ನು ಗೆದ್ದಿದ್ದನು, ಮಗನೂ ಹುಟ್ಟಿದ್ದನು. ಆ ಸಂತೋಷದಲ್ಲಿ ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟನೆಂದು ಶಾಸನ ಹೇಳುತ್ತದೆ. ಹೊಯ್ಸಳೇಶ್ವರದ ಗೋಡೆಗಳು ಕಥೆ ಹೇಳುತ್ತವೆ. ಇಲ್ಲಿಯ ಹೊರಗೋಡೆ ಬಹುಮಟ್ಟಿಗೆ ಮೌನವಾಗಿದೆ. ಒಳಗೆ ಮುಖ ಕಾಣುವಷ್ಟು ನುಣುಪಾದ ಕಂಬಗಳು, ಅವುಗಳಾಚೆ ಹಾವಿನ ಹೆಡೆಗಳ ನೆರಳಿನಲ್ಲಿ ನಿಶ್ಚಲವಾಗಿ ನಿಂತ ಎತ್ತರದ ಜಿನಬಿಂಬ. ಪಕ್ಕದಲ್ಲಿ ಪುಟ್ಟ ಆದಿನಾಥ ಬಸದಿ, ಇಮ್ಮಡಿ ಬಲ್ಲಾಳನ ಕಾಲದ ಶಾಂತಿನಾಥ ಬಸದಿ.

ಈ ನಗರವನ್ನು ಕುರಿತು ತರಗತಿಗಳಲ್ಲಿ ನಾವು 'ಸರ್ವಧರ್ಮ ಸಮನ್ವಯ' ಎಂದು ಪಾಠ ಹೇಳುತ್ತೇವೆ. ಮಾತು ಸುಳ್ಳಲ್ಲ: ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಅರಸನ ರಾಣಿ ಶಾಂತಲೆ ಜಿನಭಕ್ತೆ. ಆದರೆ ಸಮನ್ವಯವು ತಾನಾಗಿಯೇ ಉಳಿದು ಬಂದದ್ದಲ್ಲ ಎಂಬುದಕ್ಕೆ ಇದೇ ಬಸದಿಗೆ ಸಂಬಂಧಿಸಿದ 1638ರ ಶಾಸನವೊಂದಿದೆ. ಹುಚ್ಚಪ್ಪದೇವನೆಂಬವನು ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿಹಾಕಿದನು. ಕಲಹವು ಬೆಳೆಯುವ ಮುನ್ನ ಎರಡೂ ಕಡೆಯ ಹಿರಿಯರು ಕೂಡಿ ಒಂದು ಒಪ್ಪಂದಕ್ಕೆ ಬಂದರು. ಮೊದಲು ವಿಭೂತಿ, ವೀಳ್ಯಗಳನ್ನು ಸಲ್ಲಿಸಬೇಕು. ಬಳಿಕ ಜೈನರು ಎಂದಿನಂತೆ ತಮ್ಮ ಪೂಜೆಯನ್ನು ನಡೆಸಬಹುದು. ಇದಕ್ಕೆ ಅಡ್ಡಿಪಡಿಸುವವನು ಶಿವದ್ರೋಹಿಯೆಂದು ವೀರಶೈವ ಹಿರಿಯರೇ ಬರೆಯಿಸಿದರು.

ಜೈನ ಮನೆತನದಲ್ಲಿ ಹುಟ್ಟಿದ ನನಗೆ ಆ ಶಾಸನದ ಮೊದಲ ಷರತ್ತನ್ನು ಓದುವುದು ಇಂದಿಗೂ ಹಗುರವಲ್ಲ. ಕಳೆದುಕೊಂಡದ್ದೇನೆಂಬುದು ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಎರಡನೆಯ ಭಾಗವನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಓದುವುದು ಸಂಶೋಧಕನಿಗೆ ತಕ್ಕುದಲ್ಲ. ಬಲವುಳ್ಳವರು ತಮ್ಮವರನ್ನೇ ಶಾಪದ ಕಟ್ಟಿಗೆ ಒಳಪಡಿಸಿಕೊಂಡು ಇನ್ನೊಬ್ಬರ ಪೂಜೆಗೆ ಕಾವಲು ನಿಂತ ದಾಖಲೆಯೂ ಅದೇ. ಸೌಹಾರ್ದವೆಂಬ ನಯವಾದ ಮಾತಿಗಿಂತ ಈ ಒರಟು ಒಪ್ಪಂದದಲ್ಲಿ ನನಗೆ ಹೆಚ್ಚು ನಂಬಿಕೆ.

ಜಾವಗಲ್ಲಿನ ದಾರಿಯಾಗಿ ಅರಸೀಕೆರೆಗೆ ಬಂದರೆ ಈ ಚರಿತ್ರೆಯ ಇನ್ನೊಂದು ಪುಟ ತೆರೆಯುತ್ತದೆ. ರೈಲು ಬದಲಿಸುವ ಜಂಕ್ಷನ್ನೆಂದೇ ಎಲ್ಲರೂ ಬಲ್ಲ ಈ ಊರಿನಲ್ಲಿ ಸುಮಾರು 1220ರ ಎರಡು ಗುಡಿಗಳಿವೆ. ಒಂದು, ನಕ್ಷತ್ರಾಕಾರದ ಮಂಟಪವುಳ್ಳ ಈಶ್ವರ ದೇವಾಲಯ. ಇನ್ನೊಂದು, ರೇಚರಸನು ಕಟ್ಟಿಸಿದ ಸಹಸ್ರಕೂಟ ಜಿನಾಲಯ. ಕಳಚುರಿಗಳ ಆಶ್ರಯದಲ್ಲಿದ್ದು ಬಳಿಕ ಬಲ್ಲಾಳನ ಬಳಿಗೆ ಬಂದ ಈ ಮಂತ್ರಿಗೆ 'ವಸುಧೈಕಬಾಂಧವ' ಎಂಬ ಬಿರುದಿತ್ತು. ಸಾವಿರ ಜಿನಬಿಂಬಗಳನ್ನು ಒಂದೇ ಪೀಠದಲ್ಲಿ ಅಡಕಗೊಳಿಸುವ ಕಲ್ಪನೆ ಸಹಸ್ರಕೂಟದ್ದು.

ಸಾಹಿತ್ಯ ಮತ್ತು ಶಾಸನಗಳನ್ನು ಓದುವ ಕಿರಿಯರಲ್ಲಿ ನನ್ನ ಅರಿಕೆ ಇಷ್ಟೇ. ಹೊಯ್ಸಳೇಶ್ವರವನ್ನು ಕಣ್ತುಂಬ ನೋಡಿರಿ. ಬಳಿಕ ಒಂದು ಗಂಟೆಯನ್ನು ಬಸ್ತಿಹಳ್ಳಿಗೆ ಮೀಸಲಿಡಿರಿ. ಹೋಗುವ ಮುನ್ನ ಎಪಿಗ್ರಾಫಿಯಾ ಕರ್ನಾಟಿಕದ ಬೇಲೂರು ತಾಲ್ಲೂಕಿನ ಪಾಠಗಳನ್ನು ಓದಿಕೊಳ್ಳಿರಿ. ಆಗ ಆ ನುಣುಪು ಕಂಬಗಳಲ್ಲಿ ಕಾಣುವುದು ನಿಮ್ಮ ಮುಖವೊಂದೇ ಆಗಿರುವುದಿಲ್ಲ.