ಬೈಗುಳ ತಿನ್ನುವ ಬದನೆಕಾಯಿ

ಫ್ಯಾಕ್ಟರಿಯಲ್ಲಿ ಎಪಾಕ್ಸಿ ಕಲಸುವವರ ಬೆರಳ ಸಂದಿ ತುರಿಸಿ ಗುಳ್ಳೆ ಎದ್ದರೆ ಮೊದಲು ಬೈಗುಳ ತಿನ್ನುವುದು ಸಾಬೂನು, ಆಮೇಲೆ ಬದನೆಕಾಯಿ. ಎಪಾಕ್ಸಿಗೆ ಕಲಸುವ ರೆಸಿನ್, ಹಾರ್ಡನರ್ ಮೇಲೆ ಅನುಮಾನವೇ ಬರುವುದಿಲ್ಲ. ‘ಇಷ್ಟು ವರ್ಷ ಮುಟ್ಟಿದ್ದೀನಿ, ಏನೂ ಆಗಿರಲಿಲ್ಲವಲ್ಲ!’

ಅಲರ್ಜಿಯ ವರಸೆಯೇ ಹಾಗೆ. ಎಷ್ಟೋ ದಿನ ಸುಮ್ಮನಿರುತ್ತದೆ. ಒಮ್ಮೆ ಹತ್ತಿಕೊಂಡರೆ ಸಾಮಾನ್ಯವಾಗಿ ಜೀವಮಾನವಿಡೀ ಬಿಡದು. ಆಮೇಲೆ ತೊಟ್ಟು ರೆಸಿನ್ ತಾಗಿದರೂ ಸಾಕು. ಅಂಟು ಹೋಗಲೆಂದು ಥಿನ್ನರ್ ಹಾಕಿ ಉಜ್ಜಿದರೆ ಚರ್ಮ ಇನ್ನಷ್ಟು ಒಡೆಯುತ್ತದೆ. ಲ್ಯಾಟೆಕ್ಸ್ ಗ್ಲೌಸ್ ಎಪಾಕ್ಸಿಯನ್ನು ತಡೆಯುವುದಿಲ್ಲ.

ಬೆನ್ನಿಗೆ 48 ಗಂಟೆ ಪಟ್ಟಿ ಅಂಟಿಸಿ ನೋಡುವ ಪ್ಯಾಚ್ ಟೆಸ್ಟ್‌ನಿಂದ ಕಾರಣ ಗೊತ್ತಾಗುತ್ತದೆ. ರಾಸಾಯನಿಕ ತಾಗಿ ಬರುವ ಚರ್ಮರೋಗ ಕಾನೂನಿನ ಅಧಿಸೂಚಿತ ರೋಗಗಳ ಪಟ್ಟಿಯಲ್ಲೂ ಇದೆ. ಡಾಕ್ಟರ ಹತ್ತಿರ ಮುಲಾಮು ಕೇಳುವ ಮೊದಲು ನೀವು ಮಾಡುವ ಕೆಲಸ ಏನು ಅಂತ ಅವರಿಗೆ ಹೇಳಿ.