ಚಿತ್ರದಲ್ಲಿ ಕಾಣದ ನೋವು

1895ರ ನವೆಂಬರ್ ತಿಂಗಳಲ್ಲಿ ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜೆನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದರು. 1896ರ ಆರಂಭದಲ್ಲೇ ಅದೇ ದೇಶದ ದಂತವೈದ್ಯ ಒಟ್ಟೊ ವಾಲ್ಕ್‌ಹಾಫ್ ತಮ್ಮದೇ ಹಲ್ಲುಗಳ ಚಿತ್ರ ತೆಗೆದರು. ಅದಕ್ಕಾಗಿ ಅವರು 25 ನಿಮಿಷ ಅಲುಗದೆ ಇರಬೇಕಾಯಿತು. ಇಂದು ಯಂತ್ರದೆದುರು ಗಲ್ಲವೂರಿ ನಿಂತರೆ ಸಾಕು. ಕೆಲವೇ ಸೆಕೆಂಡುಗಳಲ್ಲಿ ಅದು ತಲೆಯ ಸುತ್ತ ತಿರುಗಿ, ಎರಡು ದವಡೆಗಳನ್ನೂ ಎಲ್ಲ ಹಲ್ಲುಗಳನ್ನೂ ಒಂದೇ ಚಿತ್ರದಲ್ಲಿ ಮೂಡಿಸುತ್ತದೆ. ದಂತವೈದ್ಯರ ಬಳಿ ಹೋದವರಿಗೆ ‘ಓಪಿಜಿ’ ಎಂಬ ಹೆಸರಿನಿಂದ ಇದು ಪರಿಚಿತ.

ಎಲ್ಲವನ್ನೂ ತೋರುವ ಚಿತ್ರವೆಂದ ಮೇಲೆ, ಅದರಲ್ಲಿ ಕಾಣದ್ದು ಇಲ್ಲವೇ ಇಲ್ಲವೆಂದು ನಂಬುವುದು ಸಹಜ. ಕೆಲವು ವರ್ಷಗಳ ಹಿಂದೆ ನನ್ನ ಮೇಲ್ದವಡೆಯಲ್ಲಿ ನೋವು ಕಾಣಿಸಿಕೊಂಡಿತು. ತಣ್ಣೀರು ತಗುಲಿದೊಡನೆ ಕಣತಲೆಯವರೆಗೂ ಸೆಳೆಯುತ್ತಿತ್ತು. ಓಪಿಜಿಯಲ್ಲಿ ಮಾತ್ರ ಯಾವ ದೋಷವೂ ಕಾಣಲಿಲ್ಲ. “ಚಿತ್ರದಲ್ಲಿ ಏನೂ ಇಲ್ಲವಲ್ಲ ಫಾದರ್, ಆಯಾಸವಿರಬೇಕು” ಎಂದು ಆಪ್ತರು ಸಮಾಧಾನ ಹೇಳಿದರು. ನೋಯುವವನಿಗೆ ಅಂಥ ಸಮಾಧಾನವೇ ಇನ್ನೊಂದು ನೋವು. ಆದರೆ ದಂತವೈದ್ಯರು ಅಲ್ಲಿಗೆ ಬಿಡಲಿಲ್ಲ. ಹಲ್ಲುಗಳನ್ನು ಒಂದೊಂದಾಗಿ ತಟ್ಟಿ, ತಂಪು ತಾಗಿಸಿ ನೋಡಿ, ಬಾಯೊಳಗೆ ಪುಟ್ಟ ಫಿಲ್ಮ್ ಇಟ್ಟು ಮತ್ತೊಂದು ಚಿತ್ರ ತೆಗೆದರು. ಎರಡು ಹಲ್ಲುಗಳ ಸಂದಿಯಲ್ಲಿ ಹುಳುಕು ಅಡಗಿತ್ತು.

ಕಾರಣವನ್ನು ಅವರೇ ವಿವರಿಸಿದರು. ತಿರುಗುವ ಯಂತ್ರವು ದವಡೆಯ ಆಕಾರದ ಕಿರಿದಾದ ಒಂದು ವಲಯವನ್ನಷ್ಟೇ ಸ್ಪಷ್ಟವಾಗಿ ತೋರುತ್ತದೆ. ಅದರ ಹಿಂದೆ ಮುಂದೆ ಇರುವುದು ಮಸುಕಾಗುತ್ತದೆ. ಪಕ್ಕದ ಹಲ್ಲುಗಳ ನೆರಳು ಒಂದರ ಮೇಲೊಂದು ಬೀಳುವುದರಿಂದ ಸಂದಿಯ ಎಳೆಯ ಹುಳುಕು ಮರೆಯಾಗುತ್ತದೆ. ಮುಂಭಾಗದ ಹಲ್ಲುಗಳ ಮೇಲೆ ಕತ್ತಿನ ಮೂಳೆಯ ನೆರಳು ಕವಿಯಬಹುದು. ತೆಗೆಯಲು ಮರೆತ ಕಿವಿಯೋಲೆಯ ಹುಸಿನೆರಳು ಎದುರು ಬದಿಯಲ್ಲಿ ಮೂಡುತ್ತದೆ. ಚಪ್ಪಟೆ ಚಿತ್ರವಾದ್ದರಿಂದ, ಕೆಳದವಡೆಯ ನರವು ಬುದ್ಧಿಹಲ್ಲಿನ ಬೇರಿನ ಒಳಬದಿಗಿದೆಯೋ ಹೊರಬದಿಗಿದೆಯೋ ಎಂಬುದು ಅದರಿಂದ ತಿಳಿಯದು. ಅದಕ್ಕೆ ಕೆಲವೊಮ್ಮೆ ಕೋನ್ ಬೀಮ್ ಸಿ.ಟಿ. ಬೇಕಾಗುತ್ತದೆ. ಹಲ್ಲಿನೊಳಗಿನ ನರ ಜೀವಂತವಾಗಿದೆಯೇ ಎಂಬುದನ್ನಂತೂ ಯಾವ ಎಕ್ಸ್-ರೇಯೂ ನೇರವಾಗಿ ಹೇಳಲಾರದು.

ಹಾಗೆಂದು ಓಪಿಜಿ ನಿರರ್ಥಕವಲ್ಲ. ಮೂಳೆಯಲ್ಲಿ ಹುದುಗಿದ ಬುದ್ಧಿಹಲ್ಲು, ದವಡೆಯ ಮುರಿತ, ಮೂಳೆಯೊಳಗೆ ಬೆಳೆದ ಗಡ್ಡೆ, ಮಕ್ಕಳಲ್ಲಿ ಇನ್ನೂ ಮೂಡದ ಹಲ್ಲುಗಳು ಇವೆಲ್ಲವನ್ನೂ ಒಂದೇ ನೋಟದಲ್ಲಿ ತಿಳಿಯಲು ಅದು ಬಹಳ ಉಪಯುಕ್ತ. ಅದು ಊರಿನ ನಕ್ಷೆಯಿದ್ದಂತೆ. ಯಾವ ಮನೆಯ ಒಲೆ ಹೊಗೆಯಾಡುತ್ತಿದೆ ಎಂದು ನಕ್ಷೆಯನ್ನು ಕೇಳಲಾಗದು.

ಆದುದರಿಂದ ಮನೆಯಲ್ಲಿ ಮಗುವಾಗಲಿ ಹಿರಿಯರಾಗಲಿ ನೋವೆಂದು ಹೇಳಿದಾಗ, ಚಿತ್ರವನ್ನು ತೋರಿಸಿ ಅವರ ಮಾತನ್ನು ತಳ್ಳಿಹಾಕದಿರೋಣ. ಯಾವ ಹಲ್ಲು, ಯಾವ ಹೊತ್ತಿನಲ್ಲಿ, ಬಿಸಿಗೋ ತಂಪಿಗೋ, ಅಗಿಯುವಾಗಲೋ ಎಂದು ಕೇಳಿ ತಿಳಿದು ವೈದ್ಯರಿಗೆ ಹೇಳೋಣ. ಆ ಹಲ್ಲಿನದೇ ಸಣ್ಣ ಚಿತ್ರ ಬೇಕೇ ಎಂದು ವಿಚಾರಿಸೋಣ. ನೋವಿನ ಸಂಗತಿ ಎಲ್ಲರಿಗಿಂತ ಮೊದಲು ತಿಳಿದಿರುವುದು ನೋಯುವವರಿಗೇ.