ದೇವರ ಹೊಲದಲ್ಲಿ ಒಂದು ಬೆಳಗು

ಇನ್ನೂ ಕತ್ತಲಿರುವಾಗಲೇ ಕಿಟಕಿಯಾಚೆ ತುತ್ತೂರಿ ಮೊಳಗಿತು. ಪರದೆ ಸರಿಸಿ ನೋಡಿದೆ. ಹಿತ್ತಾಳೆ ವಾದ್ಯ ಹಿಡಿದ ಏಳೆಂಟು ಮಂದಿ ಬೀದಿದೀಪದ ಕೆಳಗೆ ನಿಂತು ಒಂದು ಕೀರ್ತನೆಯನ್ನು ನಿಧಾನವಾಗಿ ನುಡಿಸಿದರು, ಮುಂದಿನ ತಿರುವಿಗೆ ನಡೆದರು. ಪುನರುತ್ಥಾನ ಹಬ್ಬದ ದಿನ ಹೆರ್ನ್‌ಹೂಟ್‌ ಎಚ್ಚರಗೊಳ್ಳುವುದು ಹೀಗೆ.

ಜರ್ಮನಿಯ ಪೂರ್ವದಂಚಿನಲ್ಲಿ, ಪೋಲೆಂಡ್ ಮತ್ತು ಚೆಕ್ ಗಡಿಗಳಿಗೆ ಹತ್ತಿರವಾಗಿ ಇದೆ ಈ ಪುಟ್ಟ ಊರು. ಡ್ರೆಸ್ಡೆನ್‌ನಿಂದ ಲೋಬೌವರೆಗೆ ರೈಲು, ಅಲ್ಲಿಂದ ಹೊಲಗಳ ನಡುವೆ ಬಸ್ಸು. ನಾನು ಬಂದದ್ದು ಒಂದು ಗೋರಿತೋಟವನ್ನು ನೋಡಲು.

ಹಿಂದಿನ ಆಗಸ್ಟ್‌ನಲ್ಲಿ ಮಂಗಳೂರಿನಲ್ಲಿ ತಂಗಿ ತೀರಿಕೊಂಡಿದ್ದಳು. ಮಣ್ಣು ಮಾಡಿ ಬಂದ ಸಂಜೆ ನೆಂಟರೆಲ್ಲ ಹೇಳಿದ್ದು ಒಂದೇ ಮಾತು: ಅಳಬೇಡ, ಕರ್ತನಲ್ಲಿ ನಿದ್ರೆ ಹೋಗಿದ್ದಾಳೆ. ಆ ಮಾತನ್ನು ನಾನೂ ನಂಬುತ್ತೇನೆ. ಆದರೆ ಅದಾದ ಮೇಲೆ ಮನೆಯಲ್ಲಿ ಅವಳ ಹೆಸರೆತ್ತುವುದೇ ನಿಂತುಹೋಯಿತು. ಅತ್ತರೆ ವಿಶ್ವಾಸ ಕಡಿಮೆಯಾಯಿತೆಂದು ಯಾರಾದರೂ ತಿಳಿದಾರೋ ಎಂಬ ಅಂಜಿಕೆಯಲ್ಲಿ ಎಂಟು ತಿಂಗಳು ಬಾಯಿ ಕಟ್ಟಿಕೊಂಡಿದ್ದೆ. ಥೆಸಲೋನಿಕದವರಿಗೆ ಬರೆದ ಪತ್ರದಲ್ಲಿ ಪೌಲನು ದುಃಖವನ್ನೇ ಬೇಡವೆನ್ನಲಿಲ್ಲ; ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿರಿ ಎಂದ. ಈ ಎರಡರ ನಡುವೆ ಎಷ್ಟು ಅಂತರವಿದೆ!

ಸಭೆ ಸೇರುವ ಮಂದಿರ ಒಳಗೆಲ್ಲ ಬಿಳಿ: ಬಿಳಿ ಗೋಡೆ, ಬಿಳಿ ಬೆಂಚು. 1945ರ ಮೇ ತಿಂಗಳಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ, ಸುಟ್ಟುಹೋಗಿದ್ದ ಇದನ್ನು ಮತ್ತೆ ಕಟ್ಟಿದ್ದಾರೆ. ಅಲ್ಲಿಂದ ಮೆರವಣಿಗೆ ಲಿಂಡೆನ್ ಮರಗಳ ಸಾಲಿನಲ್ಲಿ ಹೂಟ್‌ಬೆರ್ಗ್ ಗುಡ್ಡದತ್ತ ಹೊರಟಿತು. ಕೋಲೂರಿದ ಮುದುಕರು, ಹೆಗಲ ಮೇಲೆ ನಿದ್ದೆಗಣ್ಣಿನ ಮಕ್ಕಳನ್ನು ಹೊತ್ತ ಅಪ್ಪಂದಿರು. ಮಾತಿಲ್ಲ, ಹೆಜ್ಜೆ ಸಪ್ಪಳವಷ್ಟೆ.

ಇಲ್ಲಿನ ಸಭೆಯವರು ಸ್ಮಶಾನ ಎನ್ನುವುದಿಲ್ಲ, ‘ಗೊಟ್ಟೆಸ್‌ಆಕರ್’ ಎನ್ನುತ್ತಾರೆ. ದೇವರ ಹೊಲ. ಬಿತ್ತಿದ್ದು ಮೊಳೆತೇ ಮೊಳೆಯುತ್ತದೆ ಎಂಬ ನಂಬಿಕೆ ಆ ಹೆಸರಿನಲ್ಲೇ ಇದೆ. ಕಲ್ಲುಗಳೆಲ್ಲ ನೆಲಕ್ಕೆ ಒರಗಿದ ಸರಳ ಚಪ್ಪಡಿಗಳು. ಕುಟುಂಬದ ಜಾಗ ಎಂಬುದಿಲ್ಲ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ; ತೀರಿಕೊಂಡ ಸರದಿಯಲ್ಲಿ, ಯಾರ ಪಕ್ಕದಲ್ಲಿ ಯಾರೋ. ತೀರಿಕೊಂಡ ದಿನವನ್ನು ಇವರು ‘ಮನೆಗೆ ಹೋದ’ ದಿನ ಎನ್ನುತ್ತಾರೆ. ನಮ್ಮ ‘ಕರ್ತನಲ್ಲಿ ನಿದ್ರೆ’ಗೆ ಒಡಹುಟ್ಟಿದ ಮಾತು.

ನಡುವೆ ಕೆಲವು ಎತ್ತರದ ಗೋರಿಗಳಿವೆ, ಜಿನ್ಜೆಂಡೋರ್ಫ್ ಮನೆತನದವು. ಮೊರಾವಿಯಾದಲ್ಲಿ ವಿಶ್ವಾಸದ ಕಾರಣಕ್ಕೆ ಕಿರುಕುಳಕ್ಕೊಳಗಾಗಿ ಓಡಿಬಂದವರಿಗೆ 1722ರಲ್ಲಿ ತನ್ನ ಜಮೀನಿನಲ್ಲಿ ನೆಲೆ ಕೊಟ್ಟವನು ಕೌಂಟ್ ನಿಕೊಲಾಸ್ ಜಿನ್ಜೆಂಡೋರ್ಫ್. ಆಗ ಅವನಿಗೆ 22 ವರ್ಷ. ಅವನ ಬಾಳಿನಲ್ಲಿ ಸಾವು ಮತ್ತೆ ಮತ್ತೆ ಬಾಗಿಲು ತಟ್ಟಿತು. ಹುಟ್ಟಿದ 12 ಮಕ್ಕಳಲ್ಲಿ ಅವನ ನಂತರವೂ ಉಳಿದವರು 3 ಹೆಣ್ಣುಮಕ್ಕಳು ಮಾತ್ರ. ಕೀರ್ತನೆಕಾರನಾಗಿದ್ದ ಮಗ ಕ್ರಿಸ್ಟಿಯನ್ ರೆನಾಟುಸ್ 1752ರಲ್ಲಿ ಲಂಡನ್‌ನಲ್ಲಿ ತೀರಿಕೊಂಡಾಗ 24ರ ಹರೆಯ. 1756ರಲ್ಲಿ ಹೆಂಡತಿ ಎರ್ಡ್‌ಮುಟೆಯೂ ಹೋದಳು. ಜಿನ್ಜೆಂಡೋರ್ಫನ ಕಲ್ಲಿನ ಮುಂದೆ ನಾನು ಬಹಳ ಹೊತ್ತು ನಿಂತೆ. ನಿರೀಕ್ಷೆಯನ್ನು ಹಾಡಿ ಹಂಚಿದ ಈ ಮನುಷ್ಯ ಸುಖದಲ್ಲಿ ಕೂತು ಹಾಡಿದವನಲ್ಲ.

1732ರ ಈಸ್ಟರ್ ನಸುಕಿನಲ್ಲಿ ಊರಿನ ಅವಿವಾಹಿತ ತರುಣರು ಈ ಗುಡ್ಡ ಹತ್ತಿ ಗೋರಿಗಳ ನಡುವೆ ಹಾಡಿದರು. ಆ ಒಂದು ಬೆಳಗು ಪದ್ಧತಿಯಾಗಿ ಇಂದಿಗೂ ಉಳಿದಿದೆ. ಅದೇ ವರ್ಷ ಇಲ್ಲಿಂದ ಇಬ್ಬರು ಕೆರಿಬಿಯನ್ ದ್ವೀಪದ ಗುಲಾಮರ ಬಳಿಗೆ ಸುವಾರ್ತೆ ಹೊತ್ತು ಹೊರಟರು; ಮುಂದಿನ ವರ್ಷ ಗ್ರೀನ್‌ಲ್ಯಾಂಡ್. ನೂರಿಪ್ಪತ್ತು ವರ್ಷ ಕಳೆದ ಮೇಲೆ ಹಿಮಾಲಯದ ಲಾಹೌಲ್ ಕಣಿವೆಯ ಕೇಲಾಂಗ್. ಅಲ್ಲಿ ದುಡಿದ ಮಿಶನರಿ ಯೇಶ್ಕೆ ಹುಟ್ಟಿದ್ದೂ ತೀರಿಕೊಂಡದ್ದೂ ಹೆರ್ನ್‌ಹೂಟ್‌ನಲ್ಲೇ. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ನಮಗೆ ಹೇಗೋ, 1881ರ ಯೇಶ್ಕೆಯ ನಿಘಂಟು ಟಿಬೆಟನ್ ಕಲಿಯುವವರಿಗೆ ಹಾಗೆ. ಭಾರತದೊಡನೆ ಇನ್ನೊಂದು ನಂಟೂ ಇದೆ: ಈ ಊರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 2024ರ ಜುಲೈನಲ್ಲಿ, ನವದೆಹಲಿಯಲ್ಲಿ ನಡೆದ ಯುನೆಸ್ಕೋ ಸಮಿತಿಯ ಸಭೆಯಲ್ಲಿ.

ಬೆಳಕು ಮೂಡತೊಡಗಿದಾಗ ಸಭಾಪಾಲಕರು ಪ್ರಾರ್ಥನೆಗೆ ತೊಡಗಿದರು. ಕಳೆದ ಈಸ್ಟರ್‌ನಿಂದ ಈಚೆಗೆ ಅಗಲಿದವರೊಡನೆ ನಮ್ಮ ಅನ್ಯೋನ್ಯತೆ ಕಡಿಯದಿರಲಿ ಎಂದು ಬೇಡುವ ಸಾಲು ಅದರಲ್ಲಿದೆ. ಜರ್ಮನ್ ನನಗೆ ಅರೆಬರೆ. ಅದೊಂದು ಮಾತ್ರ ಪೂರ್ತಿ ತಿಳಿಯಿತು. ಪಕ್ಕದಲ್ಲಿದ್ದ ಹೆಂಗಸು ಕಣ್ಣೊರೆಸಿಕೊಳ್ಳುತ್ತಲೇ ಹಾಡುತ್ತಿದ್ದಳು, ದನಿ ತಡವರಿಸಿದರೂ ನಿಲ್ಲಿಸಲಿಲ್ಲ. ನಾನೂ ಅತ್ತೆ. ಯಾರೂ ಬೇಡವೆನ್ನಲಿಲ್ಲ. ತುತ್ತೂರಿಗಳು ಗುಡ್ಡದ ಆ ತುದಿಯಿಂದ ಈ ತುದಿಗೆ ಉತ್ತರ ಕೊಡುತ್ತಿದ್ದವು.

ತಂಗಿದ್ದ ಮನೆಗೆ ಮರಳಿ ಕಾಫಿ ಕುಡಿಯುವಾಗ ಮನೆಯೊಡತಿ ಕೇಳಿದರು: “ನಿಮ್ಮ ತಂಗಿಯ ಬಾಳಿನ ಕಥೆ ಯಾರು ಓದಿದರು?” ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಈ ಸಭೆಯವರು ಬದುಕಿರುವಾಗಲೇ ತಮ್ಮ ಜೀವನವೃತ್ತಾಂತ ಬರೆದಿಡುವುದುಂಟು. ಕೊನೆಯ ದಿನಗಳನ್ನು ಮನೆಯವರು ಸೇರಿಸುತ್ತಾರೆ. ಅಂತ್ಯಸಂಸ್ಕಾರದ ದಿನ ಸಭೆಯ ಮುಂದೆ ಅದನ್ನು ಓದುತ್ತಾರೆ. ಹದಿನೆಂಟನೆಯ ಶತಮಾನದಿಂದ ಹಾಗೆ ಬರೆದ ಸಾವಿರಾರು ಹಾಳೆಗಳು ಇದೇ ಊರಿನ ದಾಖಲೆ ಭಂಡಾರದಲ್ಲಿವೆ. ಬಡಗಿ, ನೇಕಾರ, ಅಡುಗೆಯವಳು, ದೂರದೇಶಕ್ಕೆ ಹೋದವರು, ಎಲ್ಲರದೂ.

“ಯಾರೂ ಓದಲಿಲ್ಲ” ಎಂದೆ. ಅವರು ಇನ್ನೊಂದು ಲೋಟ ಕಾಫಿ ಬಗ್ಗಿಸಿ ಎದುರಿಗೆ ಕೂತರು. ಎಂಟು ತಿಂಗಳ ಮೇಲೆ ಅವಳ ಹೆಸರು ನನ್ನ ಬಾಯಿಂದ ಬಂತು. ಅವಳು ಗಾಯನ ಮಂಡಳಿಯಲ್ಲಿ ಆಲ್ಟೊ ಹಾಡುತ್ತಿದ್ದುದು, ಆದಿತ್ಯವಾರದ ಆರಾಧನೆಗೆ ಎಂದೂ ಹೊತ್ತಿಗೆ ಸರಿಯಾಗಿ ಹೊರಡದಿದ್ದುದು, ಮಳೆಗಾಲದಲ್ಲಿ ಪತ್ರೊಡೆ ಮಾಡಿ ಅರ್ಧ ಬೀದಿಗೆ ಹಂಚುತ್ತಿದ್ದುದು, ಕೊನೆಯ ವಾರ ನನ್ನ ಕೈ ಹಿಡಿದು “ಹೆದರಬೇಡ” ಎಂದು ಅವಳೇ ನನಗೆ ಹೇಳಿದ್ದು.

ಮರುದಿನ ಲೋಬೌ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತ ನೋಟುಪುಸ್ತಕ ತೆರೆದೆ. ಮೊದಲಿಗೆ ಅವಳು ಹುಟ್ಟಿದ ಊರು, ದಿನ ಬರೆದೆ. ಆಮೇಲೆ ಪತ್ರೊಡೆ. ಡ್ರೆಸ್ಡೆನ್ ತಲುಪುವ ಹೊತ್ತಿಗೆ ಅವಳಿನ್ನೂ ಆರನೆಯ ತರಗತಿಯಲ್ಲೇ ಇದ್ದಳು.